ಬಲೂನ್ ಹಾರಿಸುವ ಮೊದಲು ಗಾಳಿ ನೋಡಿ ಸಾರ್

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಮೂರು ವರ್ಷದಿಂದ ಉತ್ಸವಕ್ಕೆ ಬಿಸಿಗಾಳಿ ಬಲೂನ್ ತರಿಸುತ್ತಿದ್ದೀರಿ, ಸಂತೋಷ. ಮೂರು ವರ್ಷದಿಂದ ನಾನೂ ಒಂದೇ ಮಾತು ಹೇಳುತ್ತಿದ್ದೇನೆ. ಮೊದಲ ವರ್ಷ ಕೌಂಟರಿನ ಹುಡುಗನಿಗೆ ಹೇಳಿದೆ, ನಕ್ಕ. ಕಳೆದ ವರ್ಷ ನಿಮ್ಮ ಕಚೇರಿಗೆ ಅರ್ಜಿ ಕೊಟ್ಟೆ, ಸೀಲು ಒತ್ತಿ ಸ್ವೀಕೃತಿ ಕೊಟ್ಟರು, ಅಷ್ಟೇ. ನಿಯಮ ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ಗಾಳಿ ಜಾಸ್ತಿ ಇದ್ದಾಗ ಬಲೂನ್ ಏರಿಸಬಾರದು.

ಈ ಸಲ ಆದದ್ದು ಕೇಳಿ. ನಮ್ಮಮ್ಮನಿಗೆ 68. 'ಒಂದ್ಸಲ ಮೇಲಿಂದ ನಮ್ಮ ಕೆರೆ ನೋಡ್ಬೇಕು ಕಣೋ' ಅಂದಿದ್ದರು. ಬೆಳಿಗ್ಗೆ ಆರಕ್ಕೇ ಹೋಗಿ ನಿಂತೆವು. ಎಲೆ ಅಲುಗುತ್ತಿರಲಿಲ್ಲ, ಏರಿಸುವ ಹೊತ್ತು ಅದೇ ಆಗಿತ್ತು. ಆದರೆ ಉದ್ಘಾಟನೆಗೆ ಗಣ್ಯರು ಬರಬೇಕಲ್ಲ! ಹಾರ, ಶಾಲು, ಭಾಷಣ ಎಲ್ಲ ಮುಗಿಯುವಾಗ ಹತ್ತೂವರೆ, ಅಷ್ಟೊತ್ತಿಗೆ ಪೆಂಡಾಲಿನ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು, ಸ್ವಾಗತದ ಫ್ಲೆಕ್ಸ್ ಮಗುಚಿ ಬಿದ್ದಿತ್ತು. ಗಣ್ಯರು ಬಲೂನಿನ ಮುಂದೆ ಫೋಟೊ ತೆಗೆಸಿಕೊಂಡು ಹತ್ತದೇ ಹೋದರು. ಬುದ್ಧಿವಂತರು. ನಮ್ಮನ್ನು ಹತ್ತಿಸಿದರು.

ಆಳೆತ್ತರ ಎದ್ದಿತೋ ಇಲ್ಲವೋ, ಬಲೂನ್ ಒಂದು ಕಡೆಗೆ ವಾಲಿತು. ಹಗ್ಗ ಕಟ್ಟಿದ್ದ ಜೀಪೇ ಜರುಗಿತು. ಬುಟ್ಟಿ ನೆಲಕ್ಕೆ ಬಡಿದು ದರದರ ಎಳೆದುಕೊಂಡು ಹೋಯಿತು, ತಲೆ ಮೇಲೆ ಬರ್ನರ್ ಇನ್ನೂ ಉರಿಯುತ್ತಿದೆ. ಬುಟ್ಟಿಯ ಬೆತ್ತ ಹಿಡಿದಿದ್ದ ಅಮ್ಮನ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದೆ. ಇವತ್ತಿಗೂ ಅವರಿಗೆ ಮೊಣಕಾಲು ಮಡಚಲು ಆಗಲ್ಲ. ಟಿಕೆಟ್ ದುಡ್ಡು ವಾಪಸ್ ಕೇಳಿದರೆ 'ಮೇಲೆ ಹೋಗಿದ್ರಲ್ವಾ' ಅಂದರು.

'ಹಗ್ಗ ಕಟ್ಟಿದೆ, ಏನೂ ಆಗಲ್ಲ' ಅನ್ನುವ ಸಮಜಾಯಿಷಿ ಬೇಡ. ಬಿಟ್ಟ ಬಲೂನ್ ಗಾಳಿಯ ಜೊತೆ ಸಾಗುತ್ತದೆ, ಕಟ್ಟಿದ್ದು ಅದೇ ಗಾಳಿಯ ಪೆಟ್ಟು ತಿನ್ನುತ್ತಾ ನಿಲ್ಲಬೇಕು. 2025ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಗಾಂಧಿಸಾಗರದಲ್ಲಿ ಸ್ವತಃ ಮುಖ್ಯಮಂತ್ರಿ ಬಂದಿದ್ದಾಗಲೇ ಗಾಳಿಗೆ ಬಲೂನ್ ಏಳಲಿಲ್ಲ, ಕೆಳಭಾಗಕ್ಕೆ ಬೆಂಕಿ ಹತ್ತಿಕೊಂಡಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆ ಜೋಳಕ್ಕೆ ಮಾಡಿದ್ದು ಸಾರ್, ಟಿಕೆಟ್ ತಗೊಂಡ ಜನಕ್ಕಲ್ಲ.

ಮೈದಾನದಲ್ಲಿ ಗಾಳಿ ಅಳೆಯುವ ಯಂತ್ರ ಇಡಿಸಿ, ವೇಗ ಎಷ್ಟಿದೆ ಅಂತ ಕೌಂಟರಿನಲ್ಲಿ ಬರೆಸಿ. ಗಾಳಿ ಎದ್ದರೆ ನಿಲ್ಲಿಸಿ. ಯಾರೇ ಬರುವುದಿರಲಿ, ನಿಲ್ಲಿಸಿ.

ಮುಂದಿನ ಉತ್ಸವಕ್ಕೆ ಅಮ್ಮ ಬರಲ್ಲ. ನಾನು ಬರುತ್ತೇನೆ, ಬೆಳಿಗ್ಗೆ ಆರಕ್ಕೇ, ಯಂತ್ರ ಎಲ್ಲಿದೆ ಅಂತ ಕೇಳೋಕೆ. ಹೋದ ವರ್ಷದ ಸ್ವೀಕೃತಿಯೂ ಜೇಬಿನಲ್ಲಿರುತ್ತದೆ.

ಇತಿ,
ಟಿಕೆಟ್ ದುಡ್ಡು ವಾಪಸ್ ಸಿಗದ ಒಬ್ಬ ನಾಗರಿಕ