ಹೆರಿಗೆ ಮುಗಿದ ಮೇಲೂ ಅವಳನ್ನು ವಿಚಾರಿಸುವವರು ಬೇಕು: ಒಂದು ದೇಣಿಗೆ ಮನವಿ

ಮಾನ್ಯರೇ,

ತುಮಕೂರು ಜಿಲ್ಲೆಗೆ ಸೇರಿದ್ದರೂ ಮೂರು ಕಡೆ ಆಂಧ್ರದಿಂದ ಸುತ್ತುವರಿದಿರುವ ಪಾವಗಡ ತಾಲ್ಲೂಕಿನ ಹಳ್ಳಿಗಳಲ್ಲಿ ನಮ್ಮ ಟ್ರಸ್ಟ್ ಹೆಂಗಸರ ಆರೋಗ್ಯದ ಕೆಲಸ ಮಾಡುತ್ತಿದೆ. ಈಗ ವಾರಕ್ಕೆ ಒಂದೇ ದಿನ ತೆರೆಯುವ ನಮ್ಮ ಮಹಿಳಾ ಚಿಕಿತ್ಸಾಲಯವನ್ನು ಮೂರು ದಿನ ನಡೆಸಬೇಕೆಂದು ತೀರ್ಮಾನಿಸಿದ್ದೇವೆ. ಅದಕ್ಕೆ ನಿಮ್ಮ ನೆರವು ಬೇಕು. ಯಾಕೆ ಎಂದು ಹೇಳಲು ಸ್ವಲ್ಪ ಹಳೆಯ ಕಥೆ ತೆಗೆಯಬೇಕಾಗುತ್ತದೆ.

ಇದು ಸೂಲಗಿತ್ತಿ ನರಸಮ್ಮನವರ ತಾಲ್ಲೂಕು. ಕೃಷ್ಣಾಪುರದ ಈ ತಾಯಿ ತಮ್ಮ ಅಜ್ಜಿಯಿಂದ ವಿದ್ಯೆ ಕಲಿತು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಜನ ಹೇಳುತ್ತಾರೆ. ಯಾರಿಂದಲೂ ಕಾಸು ಕೇಳಿದವರಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರ ಹೆಸರಾದರೂ ಕೊನೆಗಾಲದಲ್ಲಿ ಪತ್ರಿಕೆಗೆ ಬಂತು. ಹೆಸರೇ ಬಾರದೆ ಹೋದ ಸೂಲಗಿತ್ತಿಯರು ಊರೂರಿಗೂ ಇದ್ದರು.

ಮಗು ಹೊರಬಂದ ಕೂಡಲೇ ಸೂಲಗಿತ್ತಿಯ ಕೆಲಸ ಮುಗಿಯುತ್ತಿರಲಿಲ್ಲ. ನೋವು ಶುರುವಾದಾಗ ಬಂದವಳು ಹೊಟ್ಟೆಯ ಮೇಲೆ ಅಂಗೈ ಇಟ್ಟು ಮಗುವಿನ ತಲೆ ಎತ್ತ ಇದೆ ಎಂದು ನೋಡುತ್ತಿದ್ದಳು. ಮಾಸು ಪೂರ್ತಿ ಬಿದ್ದಿದೆಯೇ ಎಂದು ತಿರುವಿ ತಿರುವಿ ಪರೀಕ್ಷಿಸುತ್ತಿದ್ದಳು. ಆಮೇಲೆ ದಿನವೂ ಬಂದು ಬಾಣಂತಿಗೆ ಹರಳೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಎರೆದು, ಹೊಟ್ಟೆಗೆ ಹಳೆಯ ಸೀರೆ ಬಿಗಿದು ಕಟ್ಟುತ್ತಿದ್ದಳು. ಕೂಸನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದಳು. ಎರೆಯುತ್ತಲೇ ವಿಚಾರಣೆ: ಎದೆ ಕಟ್ಟಿದೆಯೇ, ಕೆಳಗೆ ಉರಿ ಇದೆಯೇ, ಬಟ್ಟೆ ಎಷ್ಟು ಬದಲಾಯಿಸುತ್ತಿದ್ದೀಯ, ಗಂಡ ಈಗಲೇ ಹತ್ತಿರ ಬರುತ್ತಿದ್ದಾನೆಯೇ. ಇದಕ್ಕೆಲ್ಲ ಸಿಗುತ್ತಿದ್ದುದು ಒಂದು ಮೊರ ರಾಗಿ, ಬೆಲ್ಲ, ಎಲೆ ಅಡಿಕೆ. ಉಳ್ಳವರ ಮನೆಯಾದರೆ ಒಂದು ಸೀರೆ.

ಆ ಕಾಲವನ್ನು ಹೊಗಳಿ ದೇಣಿಗೆ ಎತ್ತುವ ಆಸೆ ನಮಗಿಲ್ಲ. ಕುಡುಗೋಲಿನಿಂದ ಹೊಕ್ಕುಳ ಬಳ್ಳಿ ಕೊಯ್ದು ಧನುರ್ವಾಯುವಿಗೆ ಹೋದ ಕೂಸುಗಳಿದ್ದವು. ರಕ್ತ ನಿಲ್ಲದಿದ್ದಾಗ ಆ ಅನುಭವಿ ಕೈಗಳೂ ಸೋಲುತ್ತಿದ್ದವು. ಬಾಣಂತಿಗೆ ನೀರು ಕೊಟ್ಟರೆ ಶೀತವಾಗುತ್ತದೆಂದು ಬಾಯಾರಿಸಿ ಕೂರಿಸಿದ ಮನೆಗಳೂ ಕಡಿಮೆಯಿರಲಿಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಸೂಲಗಿತ್ತಿಯರಲ್ಲಿ ಅನೇಕರು ದಲಿತ ಹೆಂಗಸರು. ಹೆರಿಗೆಯ ರಾತ್ರಿ ಒಳಮನೆಯವರೆಗೆ ಕರೆದವರೇ ಮಿಕ್ಕ ದಿನ ಅವರನ್ನು ಜಗಲಿಯ ಕೆಳಗೆ ನಿಲ್ಲಿಸುತ್ತಿದ್ದರು.

ಇತ್ತ ಮೈಸೂರು ಸೀಮೆಯ ನಗರಗಳು ಬೇರೆಯದೇ ದಾರಿಯಲ್ಲಿ ಮುಂದೆ ಹೋಗಿದ್ದವು. ಮೈಸೂರಿನಲ್ಲಿ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಲ್ಲಿ ಹೆಂಗಸರು ಮತ್ತು ಮಕ್ಕಳಿಗಾಗಿಯೇ ಆರಂಭವಾಯಿತು. ಬೆಂಗಳೂರಿಗೆ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಬಂತು. ನಡುವೆ 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನೇ ತೆರೆಯಿತು. ಜಗತ್ತಿನಲ್ಲಿ ಒಂದು ಸರ್ಕಾರ ಇಂಥದ್ದಕ್ಕೆ ಕೈ ಹಾಕಿದ್ದು ಅದೇ ಮೊದಲು ಎನ್ನುತ್ತಾರೆ. ಆದರೆ ಪಾವಗಡದ ಬಸುರಿಗೆ ಬೆಂಗಳೂರು ಆಗ ಕಾಶಿಯಷ್ಟೇ ದೂರ. ನಮ್ಮ ಕಡೆಗೆ ಬದಲಾವಣೆ ಬಂದದ್ದು ದಾಯಿ ತರಬೇತಿಯ, ಅಂದರೆ ಸೂಲಗಿತ್ತಿಯರಿಗೆ ಕೊಟ್ಟ ತರಬೇತಿಯ ರೂಪದಲ್ಲಿ: ಸಾಬೂನು, ಹೊಸ ಬ್ಲೇಡು, ದಾರ ಇದ್ದ ಒಂದು ಪೆಟ್ಟಿಗೆ, ಜೊತೆಗೆ ಕೈ ತೊಳೆಯುವ ಪಾಠ. ಹಿಂದೆಯೇ ಉಪಕೇಂದ್ರದ ನರ್ಸಮ್ಮ ಬಂದರು, ಧನುರ್ವಾಯುವಿನ ಚುಚ್ಚುಮದ್ದು ಬಂತು. ಇಂಥ ಸಣ್ಣ ಸಣ್ಣ ಕೆಲಸಗಳು ಸೇರಿಯೇ 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನ ಮಾಡಿದ ದೇಶ ಎನಿಸಿಕೊಂಡಿತು.

2005ರಲ್ಲಿ ದೇಶದಲ್ಲಿ ಆಶಾ ಕಾರ್ಯಕರ್ತೆಯರ ಯೋಜನೆ ಮತ್ತು ಆಸ್ಪತ್ರೆಯಲ್ಲಿ ಹೆತ್ತವರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ರಾಜ್ಯಕ್ಕೆ 108 ಆಂಬುಲೆನ್ಸ್ ಬಂದವು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಯಿತು. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ನೂರಕ್ಕೆ 40 ಹೆರಿಗೆಗಳೂ ಆಸ್ಪತ್ರೆಯಲ್ಲಿ ಆಗುತ್ತಿರಲಿಲ್ಲ. 2019–21ರ ಹೊತ್ತಿಗೆ 97 ಆಗುತ್ತಿದ್ದವು. ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದ ರಾಜ್ಯದಲ್ಲಿ (2004–06) ಆ ಸಂಖ್ಯೆ 69ಕ್ಕೆ ಇಳಿಯಿತು (2018–20). ಇದು ದೊಡ್ಡ ಗೆಲುವು, ಅನುಮಾನವೇ ಬೇಡ. ಮನೆಯಲ್ಲೇ ಹೆರಿಗೆ ಮಾಡಿಸಿ ಎಂದು ನಾವು ಯಾರಿಗೂ ಹೇಳುವುದಿಲ್ಲ.

ನಮ್ಮ ತಕರಾರು ಬೇರೆ. ಹೆರಿಗೆಗೆ ಡಾಕ್ಟರು ಸಿಕ್ಕರು, ಆದರೆ ಹೆರಿಗೆಯ ಆಚೆಗೆ ಅವಳನ್ನು ವಿಚಾರಿಸುತ್ತಿದ್ದ ಹಿರಿಯಳು ಇಲ್ಲವಾದಳು. ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಬರುತ್ತಾಳೆ, ನಿಜ. ಅವಳ ತಲೆಯ ಮೇಲೆ ಹೊರಿಸಿರುವ ಕೆಲಸಗಳ ನಡುವೆ ಕೂಸಿನ ತೂಕ ನೋಡಿ ಚುಚ್ಚುಮದ್ದಿನ ದಿನ ನೆನಪಿಸುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಮಗುವಿಗೆ ಎರಡು ವರ್ಷವಾಗಿ, ಟ್ಯೂಬೆಕ್ಟಮಿಯೂ (ಮತ್ತೆ ಮಕ್ಕಳಾಗದಂತೆ ಮಾಡುವ ಆಪರೇಷನ್) ಆಯಿತೆಂದರೆ ಆ ಹೆಂಗಸು ಯಾವ ಪುಸ್ತಕದಲ್ಲೂ ಇಲ್ಲ. ಅವಳಿಗೆ ಆಗ ಇಪ್ಪತ್ತೈದೋ ಇಪ್ಪತ್ತಾರೋ. ಇನ್ನೂ ನಲವತ್ತು ವರ್ಷ ಹೊಲ, ಕೊಟ್ಟಿಗೆ, ಇಟ್ಟಿಗೆ ಗೂಡು.

ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಇವರೇ. ಮೊದಲು ಸೊಂಟ ನೋವು ಎನ್ನುತ್ತಾರೆ. ಪರದೆ ಎಳೆದು ಪಕ್ಕದಲ್ಲಿ ಕುಳಿತ ಮೇಲೆ ಗರ್ಭಕೋಶ ಜಾರಿರುವುದನ್ನು ಹೇಳುತ್ತಾರೆ. "ಎಷ್ಟು ದಿನದಿಂದ ಅಮ್ಮಾ?" ಎಂದರೆ "ಎರಡನೆಯವನು ಹುಟ್ಟಿದಾಗಿನಿಂದ ಅಕ್ಕಾ, ಯಾರಿಗೆ ಹೇಳಲಿ" ಎಂಬ ಉತ್ತರ. ಆ ಎರಡನೆಯವನು ಈಗ ಪಿಯುಸಿಯಲ್ಲಿರುತ್ತಾನೆ! ಇಂಥ ಅನೇಕರಿಗೆ, ಜಾರಿದ ಗರ್ಭಕೋಶವನ್ನು ಒಳಗೆ ತಡೆದು ಹಿಡಿಯುವ ಸಿಲಿಕೋನಿನ ಒಂದು ಉಂಗುರ ಸಾಕು. ತರಬೇತಿ ಪಡೆದ ನರ್ಸು ಕೆಲವೇ ನಿಮಿಷಗಳಲ್ಲಿ ಅದನ್ನು ಕೂರಿಸುತ್ತಾರೆ, ಕೆಲವು ತಿಂಗಳಿಗೊಮ್ಮೆ ತೆಗೆದು ತೊಳೆದು ಮತ್ತೆ ಕೂರಿಸುತ್ತಾರೆ. ಇದನ್ನು ಹೇಳುವವರಿಲ್ಲದೆ, ಬಿಳಿಸೆರಗಿಗೂ ಗರ್ಭಕೋಶವನ್ನೇ ತೆಗೆಸಿಬಿಡಿ ಎಂಬ ಸಲಹೆ ಕೇಳಿ ಸಾಲ ಮಾಡಿದವರನ್ನು ನಾವು ನೋಡಿದ್ದೇವೆ.

ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಇಲ್ಲೇ ಆಗುತ್ತದೆ. ಅಸಿಟಿಕ್ ಆಮ್ಲದ ತೆಳು ದ್ರಾವಣ, ಅಂದರೆ ಹೆಚ್ಚುಕಡಿಮೆ ಅಡುಗೆಮನೆಯ ವಿನೆಗರ್, ಅದರಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾಯಬೇಕು. ದೋಷವಿರುವ ಜಾಗ ಬೆಳ್ಳಗಾಗಿ ಎದ್ದು ಕಾಣುತ್ತದೆ. ಬೇಕಾದದ್ದು ಒಳ್ಳೆಯ ದೀಪ, ಪಳಗಿದ ಕಣ್ಣು, ಮುಚ್ಚುವ ಬಾಗಿಲು. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕೆಂದು ಸರ್ಕಾರದ ಮಾರ್ಗಸೂಚಿಯೇ ಇದೆ. ಆದರೂ 2019–21ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಇಬ್ಬರೂ ಇದನ್ನು ಮಾಡಿಸಿಕೊಂಡಿರಲಿಲ್ಲ. ರಕ್ತಹೀನತೆಯನ್ನಂತೂ ಹೇಳುವುದೇ ಬೇಡ: ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ.

ನಮ್ಮ ಕಾರ್ಯಕರ್ತೆಯರಲ್ಲಿ ಇಬ್ಬರು ಸೂಲಗಿತ್ತಿಯರ ಸೊಸೆಯಂದಿರು. ಹೆರಿಗೆ ಮಾಡಿಸುವುದಿಲ್ಲ, ಆದರೆ ಯಾವ ಮನೆಯಲ್ಲಿ ಯಾರು ಏನನ್ನು ಮುಚ್ಚಿಟ್ಟುಕೊಂಡಿದ್ದಾರೆ ಎಂಬುದು ಅತ್ತೆಯಂತೆಯೇ ಇವರಿಗೂ ಗೊತ್ತಾಗುತ್ತದೆ. ಹಿಂದಿನವರು ಮೊರದ ರಾಗಿಗೆ ದುಡಿದರು. ಇವರು ಹಾಗೆ ದುಡಿಯಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಆದ್ದರಿಂದ ನಾವು ಕೇಳುತ್ತಿರುವ ಹಣದ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇವೆ. ಕಟ್ಟಡ ನಮಗೆ ಬೇಡ, ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲನ್ನೂ ಹಾಕುವುದಿಲ್ಲ. ಒಬ್ಬ ಪೂರ್ಣಾವಧಿ ನರ್ಸಿಗೆ ತಿಂಗಳಿಗೆ 22,000 ರೂಪಾಯಿ, ಇಬ್ಬರು ಕಾರ್ಯಕರ್ತೆಯರಿಗೆ ತಲಾ 12,000. ಪರೀಕ್ಷೆಯ ಸಾಮಗ್ರಿ, ಕಬ್ಬಿಣಾಂಶದ ಮಾತ್ರೆ, ಉಂಗುರಗಳಿಗೆ 9,000. ತಪಾಸಣೆಯಲ್ಲಿ ಅನುಮಾನ ಕಂಡವರನ್ನು ತುಮಕೂರಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಕರೆದೊಯ್ಯಲು 5,000. ಒಟ್ಟು ತಿಂಗಳಿಗೆ 60,000, ವರ್ಷಕ್ಕೆ 7,20,000 ರೂಪಾಯಿ. ಕೊನೆಯ ಬಾಬ್ತು ಚಿಕ್ಕದೆನಿಸಬಹುದು. ಆದರೆ ಬಸ್ಸಿನ ದುಡ್ಡು, ಒಂದು ದಿನದ ಕೂಲಿ, ಜೊತೆಗೊಬ್ಬರು, ಈ ಮೂರು ಇಲ್ಲದ್ದಕ್ಕೇ ಮುಂದಿನ ಚಿಕಿತ್ಸೆ ನಿಂತುಹೋಗುತ್ತದೆ.

ಒಂದೇ ಸಲ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳಿಗೆ ಇನ್ನೂರು, ಐನೂರು ರೂಪಾಯಿ ತಪ್ಪದೆ ಕೊಡುವವರು ನಮಗೆ ಹೆಚ್ಚು ಉಪಯುಕ್ತ, ಏಕೆಂದರೆ ಸಂಬಳ ತಿಂಗಳು ತಿಂಗಳು ಕೊಡಬೇಕು. ಪ್ರತಿ ದೇಣಿಗೆಗೂ ಆದಾಯ ತೆರಿಗೆ ವಿನಾಯಿತಿಯ (80ಜಿ ಎಂದು ಕರೆಯುವ) ರಸೀದಿ ಕೊಡುತ್ತೇವೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದು ಪ್ರಯೋಜನಕ್ಕೆ ಬರುತ್ತದೆ. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಸಿಗದ ಕಾರಣ ಅಂಥ ಮೊತ್ತವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕಳುಹಿಸಿ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ. ಹೊರದೇಶದಲ್ಲಿರುವ ಕನ್ನಡಿಗರಲ್ಲಿ ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ನಾವು ಪಡೆಯುವಂತಿಲ್ಲ, ಮನ್ನಿಸಿ. ಅವರು ಊರಿಗೆ ಬಂದಾಗ ಚಿಕಿತ್ಸಾಲಯಕ್ಕೆ ಬಂದು ಲೆಕ್ಕದ ಪುಸ್ತಕವನ್ನೂ ಕೆಲಸವನ್ನೂ ನೋಡಿಹೋಗಲಿ. ಗುರುವಾರ ಬೆಳಿಗ್ಗೆ ಹತ್ತರಿಂದ ತೆರೆದಿರುತ್ತದೆ.

ಟ್ರಸ್ಟಿಗಳ ಪರವಾಗಿ,
ಕಾರ್ಯದರ್ಶಿ