ಕಲಬುರಗಿ ಬಿಡೋ ಮುಂಚೆ ಹೇಳಲೇಬೇಕಾದ ಥ್ಯಾಂಕ್ಸ್

ಮೊನ್ನೆ ಇಂಟರ್ನ್‌ಶಿಪ್ ರಿಪೋರ್ಟ್ ಸಬ್ಮಿಟ್ ಮಾಡಿದೆ. ಕಾಲೇಜಿನವರು ಕೊಟ್ಟ ಫಾರ್ಮ್ಯಾಟಲ್ಲಿ ಕೃತಜ್ಞತೆಗೆ ಒಂದೇ ಪೇಜು, ಅದರಲ್ಲೂ ಯಾರ ಹೆಸರು ಯಾರ ಕೆಳಗೆ ಬರ್ಬೇಕು ಅಂತ ಮೊದ್ಲೇ ಫಿಕ್ಸು. ಪ್ರಿನ್ಸಿಪಾಲ್, ಎಚ್ಓಡಿ, ಗೈಡು, ಮಿಲ್ ಮಾಲೀಕರು, ಕೊನೇಲಿ ಅಪ್ಪ ಅಮ್ಮ. ಅವರಿಗೆಲ್ಲ ಮನಸಾರೆ ಹೇಳಿದೀನಿ. ಆದ್ರೆ ಇಷ್ಟು ತಿಂಗಳು ಗೊತ್ತಿಲ್ಲದ ಊರಲ್ಲಿ ನನ್ನ ಹೊಟ್ಟೆ, ಆರೋಗ್ಯ, ಕೆಲಸ ಎಲ್ಲ ನೋಡ್ಕೊಂಡೋರು ಆ ಲಿಸ್ಟಲ್ಲಿ ಎಲ್ಲೂ ಇಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ನಾನು ಹಾಸನದ ಕಡೆಯವಳು, ಫುಡ್ ಟೆಕ್ನಾಲಜಿ ಕೊನೇ ವರ್ಷ. ಬೇಳೆ ಮಿಲ್ಲಿಂಗ್ ಕಲೀಬೇಕು ಅಂದ್ರೆ ಕಲಬುರಗಿಗೇ ಹೋಗ್ಬೇಕು ಅಂತ ನಾನೇ ಹಟ ಮಾಡಿ ತಗೊಂಡಿದ್ದು. ಮನೇಲಿ ಎಲ್ರೂ ಒಂದೊಂದು ಹೇಳಿದ್ರು, ಬಿಸಿಲು ತಡ್ಕೊಳಕಾಗಲ್ಲ, ನೀರು ಸಿಗಲ್ಲ, ಅವರ ಮಾತು ಅರ್ಥ ಆಗಲ್ಲ, ಹುಡುಗಿ ಒಬ್ಬಳೇ ಹೆಂಗಿರ್ತಾಳೆ. ಹೇಳಿದೋರಲ್ಲಿ ಒಬ್ಬರೂ ರಾಯಚೂರು ದಾಟಿ ಈ ಕಡೆ ಬಂದಿರ್ಲಿಲ್ಲ ಅನ್ನೋದು ಬೇರೆ ವಿಷಯ. ಹಾಸನ-ಸೊಲ್ಲಾಪುರ ಎಕ್ಸ್‌ಪ್ರೆಸ್ ಹತ್ತಿದ ರಾತ್ರಿ ನಿದ್ದೆ ಬಂದಿಲ್ಲ, ಸುಳ್ಳು ಹೇಳಲ್ಲ.

ಮೊದಲ ಥ್ಯಾಂಕ್ಸ್ ರೂಮ್ ಕೊಟ್ಟ ಆಯಿಗೆ. ಒಬ್ಬಳೇ ಹುಡುಗಿ ಅಂತ ಎರಡು ಮೂರು ಮನೆಯವರು ಬಾಡಿಗೆಗೆ ಇಲ್ಲ ಅಂದಿದ್ರು, ಆಯಿ ಮಾತ್ರ ನನ್ನ ಬ್ಯಾಗು, ನನ್ನ ಮುಖ ಎರಡನ್ನೂ ನೋಡಿ "ಉಂಡಿಯೇನ್ ತಂಗಿ? ಮೊದ್ಲ ಉಣ್ಣು, ಬಾಡಿಗಿ ಮಾತು ಆಮ್ಯಾಲ ಆಡೂಣು" ಅಂದ್ರು. ಜೋಳದ ರೊಟ್ಟಿ, ಪುಂಡಿ ಪಲ್ಯ (ಹುಳಿ ಸೊಪ್ಪಿನ ಪಲ್ಯ), ಶೇಂಗಾ ಹಿಂಡಿ (ಕಡ್ಲೇಕಾಯಿ ಚಟ್ನಿಪುಡಿ). ಪುಂಡಿ ಪಲ್ಯದ ಹುಳಿ ನನಗೆ ಹಿಡಿಸೋಕೆ ಟೈಮ್ ಬೇಕಾಯ್ತು, ಈಗ ಊರಿಗೆ ಹೋದ್ಮೇಲೆ ಅದಿಲ್ಲದೆ ಏನ್ ಮಾಡೋದು ಅನ್ನೋ ಚಿಂತೆ. ಬಂದ ಹೊಸದ್ರಲ್ಲೇ ಎಳ್ಳಮಾಸಿ (ಎಳ್ಳು ಅಮಾವಾಸ್ಯೆ ಹಬ್ಬ) ಬಂತು, ಅವರ ತಮ್ಮನ ಹೊಲಕ್ಕೆ ನನ್ನನ್ನೂ ಟಂಟಂ ಆಟೋ ಹತ್ಸಿಕೊಂಡು ಹೋದ್ರು, ಚರಗ ಚೆಲ್ಲಿ (ಭೂಮಿತಾಯಿಗೆ ಅಂತ ಹೊಲದಲ್ಲಿ ನೈವೇದ್ಯ ಎರಚೋದು), ಹಸಿ ಕಾಳು ಸೊಪ್ಪು ತರಕಾರಿ ಎಲ್ಲ ಹಾಕಿ ಮಾಡಿದ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡ್ಲೆ ಹೊಲದ ಪಕ್ಕದಲ್ಲೇ ಕೂತು ಊಟ. ಅವತ್ತು ಅಮ್ಮನಿಗೆ ಫೋನ್ ಮಾಡಿ ಇನ್ನು ನನ್ನ ಬಗ್ಗೆ ಚಿಂತೆ ಬಿಡಿ ಅಂದೆ. ಆಮೇಲೆ ಶರಣಬಸವೇಶ್ವರ ಜಾತ್ರೆಗೂ ಆಯಿನೇ ಕರ್ಕೊಂಡ್ ಹೋದ್ರು, ಆ ಜನದಲ್ಲಿ ನನ್ನ ಕೈ ಒಂದು ನಿಮಿಷ ಬಿಟ್ಟಿಲ್ಲ. ದಾಸೋಹಕ್ಕೆ ಹೆಸರಾದ ಶರಣರು ಅಂತ ಬುಕ್ಕಲ್ಲಿ ಓದಿದ್ದೆ. ಈ ಊರಲ್ಲಿ ಯಾರ ಮನೆಗೆ ಹೋದ್ರೂ ಮೊದಲು ಉಂಡಿಯೇನು ಅಂತ ಯಾಕೆ ಕೇಳ್ತಾರೆ ಅಂತ ಅಲ್ಲಿ ಪಂಕ್ತಿಲಿ ಕೂತಾಗ ಗೊತ್ತಾಯ್ತು.

ಇನ್ನು ಮಿಲ್ಲು. ಕಪನೂರ ಕಡೆ ಇರೋ ಒಂದು ದಾಲ್ ಮಿಲ್. ನೆಹರು ಗಂಜ್ ಮಾರ್ಕೆಟ್ಟಿಂದ ತೊಗರಿ ಚೀಲ ಬರುತ್ತೆ, ಕ್ಲೀನ್ ಆಗುತ್ತೆ, ಎಮರಿ (ಒರಟು ಕಲ್ಲಿನ) ರೋಲರ್‌ನಲ್ಲಿ ಮೇಲಿನ ಸಿಪ್ಪೆಗೆ ಗೀರು ಬೀಳುತ್ತೆ, ಆಮೇಲೆ ಸ್ವಲ್ಪ ಎಣ್ಣೆ ಸವರಿ ಗುಡ್ಡೆ ಹಾಕಿಡ್ತಾರೆ. ಕಡ್ಲೆ ಥರ ಸುಲಭ ಅಲ್ಲ ತೊಗರಿ, ಸಿಪ್ಪೆಗೂ ಬೇಳೆಗೂ ನಡುವೆ ಗಟ್ಟಿ ಅಂಟು ಇರುತ್ತೆ, ಅದು ಸಡಿಲ ಆಗ್ಬೇಕು ಅಂದ್ರೆ ಎಣ್ಣೆ ಒಳಗೆ ಇಳೀಬೇಕು, ಆಮೇಲೆ ಎರಡು ಮೂರು ದಿನ ಅಂಗಳದಲ್ಲಿ ಒಣಗ್ಬೇಕು, ಸಂಜೆ ಆದ್ರೆ ಮತ್ತೆ ಗುಡ್ಡೆ ಮಾಡಿ ತಾಡಪತ್ರಿ ಹೊದಿಸ್ಬೇಕು. ಕಡಿಮೆ ಒಣಗಿದ್ರೆ ಸಿಪ್ಪೆ ಬಿಡಲ್ಲ, ಜಾಸ್ತಿ ಒಣಗಿದ್ರೆ ನುಚ್ಚಾಗುತ್ತೆ, ಮಿಲ್ಲಿನ ಲಾಭ ನಷ್ಟ ಅಲ್ಲೇ ತೀರ್ಮಾನ. ಕ್ವಿಂಟಲ್‌ಗೆ ಸುಮಾರು 70-75 ಕೆಜಿ ಬೇಳೆ ಕೈಗೆ ಬಂದ್ರೆ ಒಳ್ಳೇದು, ಉಳಿದಿದ್ದು ಚುನ್ನಿ, ಹೊಟ್ಟು ಅಂತ ದನಗಳಿಗೆ.

ಆ ಅಂಗಳ ನೋಡ್ಕೊಳ್ಳೋದು ಮಿಲ್ಲಲ್ಲಿ ಕೆಲಸ ಮಾಡೋ ಅಕ್ಕಂದಿರು. ತೊಗರಿ ಮಧ್ಯ ಬರಿಗಾಲಲ್ಲಿ ಸಾಲು ಎಳೀತಾ ಹೋಗ್ತಾರೆ, ಮಧ್ಯೆ ಒಂದು ಕಾಳು ಬಾಯಿಗೆ ಹಾಕಿ ಕಟ್ ಅಂತ ಕಡಿದು ಆಯ್ತು ಅಥವಾ ಇನ್ನೊಂದು ಬಿಸಿಲು ಬೇಕು ಅಂತಾರೆ. ನಾನು ತೇವ ಅಳೆಯೋ ಮಾಯಿಶ್ಚರ್ ಮೀಟರ್ ಹಿಡ್ಕೊಂಡು ಹಿಂದೆ ಹಿಂದೆ ಓಡಾಡ್ತಿದ್ದೆ. ಅವರು ಆಯ್ತು ಅಂದ ಲಾಟ್ ಮೀಟರ್‌ನಲ್ಲೂ ಹೆಚ್ಚುಕಮ್ಮಿ ಅದೇ ರೇಂಜಲ್ಲಿ ಬರ್ತಿತ್ತು, ಮೀಟರ್ ಬ್ಯಾಟರಿ ಹೋದ ದಿನಾನೂ ಕೆಲಸ ನಿಲ್ಲಲಿಲ್ಲ. ನನ್ನ ರಿಪೋರ್ಟಿನ ಮೂರನೇ ಚಾಪ್ಟರ್ ಪೂರ್ತಿ ಅವರು ಹೇಳಿಕೊಟ್ಟಿದ್ದು, ಆದ್ರೆ ಅಲ್ಲಿ ಅದು "ಸಾಂಪ್ರದಾಯಿಕ ವಿಧಾನ" ಅಂತ ಒಂದು ಹೆಡ್ಡಿಂಗ್ ಅಷ್ಟೇ. ಇದು ನನಗೆ ಸರಿ ಅನ್ನಿಸಿಲ್ಲ, ಗೈಡ್ ಹತ್ರಾನೂ ಹೇಳಿದೆ, ಫಾರ್ಮ್ಯಾಟ್ ಹಂಗೇ ಇದೆ ಅಂದ್ರು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನಾನು ಆಫೀಸ್ ರೂಮಲ್ಲಿ ಕೂತಿದ್ರೆ ಒಬ್ಬ ಅಕ್ಕ ಬಾಗಿಲಲ್ಲಿ ನಿಂತು "ಏ ತಂಗಿ, ಒಬ್ಬಾಕಿನೇ ಏನ್ ಮಾಡ್ಲತ್ತಿ ಅಲ್ಲಿ, ಬಾ ಇಲ್ಲಿ" ಅಂತ ಕರೆಯೋರು. ನಮ್ಮ ಕಡೆ ಮುದ್ದೆ ಕಚ್ಚದೇ ನುಂಗ್ತೀವಿ ಅಂದಿದ್ದಕ್ಕೆ ಇಡೀ ಅಂಗಳ ನಕ್ಕಿತ್ತು. "ಹಲ್ಲು ಇಟ್ಕೊಂಡು ಏನ್ ಮಾಡ್ತೀರಿ ಮತ್ತ?" ಅಂತ ಕೇಳಿದ ಅಕ್ಕನಿಗೆ ಇನ್ನೂ ಉತ್ತರ ಹೊಳೆದಿಲ್ಲ ನನಗೆ.

ರೋಲರ್ ನೋಡ್ಕೊಳ್ಳೋ ಚಾಚಾ ರಂಜಾನ್ ತಿಂಗಳಲ್ಲಿ ತಾವು ಹನಿ ನೀರು ಮುಟ್ಟದೆ ಆ ಧೂಳಲ್ಲಿ ಆ ಶಾಖದಲ್ಲಿ ನಿಂತ್ಕೊಂಡೇ ಗಂಟೆಗೊಂದ್ಸಲ ನನಗೆ "ನೀರ್ ಕುಡ್ದಿ ಬೇಟಾ?" ಅಂತ ಕೇಳೋರು. ನನಗೆ ಬಾಟಲಿ ಎತ್ತೋಕೆ ಸಂಕೋಚ, ಅವರಿಗೆ ನಾನು ಕುಡೀದಿದ್ರೆ ಸಿಟ್ಟು. ಏಪ್ರಿಲ್ ಬಂದ್ಮೇಲೆ ಬಿಸಿಲಿನ ವಿಷಯ ಕೇಳ್ಬೇಡಿ. ಈ ಕಡೆ ಸರ್ಕಾರಿ ಆಫೀಸ್ ಟೈಮೇ ಬೇಸಿಗೇಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂದ್ರೆ ಲೆಕ್ಕ ಹಾಕೊಳ್ಳಿ. ತಲೆ ಸುತ್ತು ಬಂದು ಕೂತಾಗ ಈರುಳ್ಳಿ, ಮಜ್ಜಿಗೆ, ಒದ್ದೆ ಟವೆಲ್ ಎಲ್ಲ ಹಿಡ್ಕೊಂಡು ಓಡಿ ಬಂದೋರೂ ಚಾಚಾನೇ, ಆಸ್ಪತ್ರೆಗೆ ಬೈಕಲ್ಲಿ ಬಿಟ್ಟಿದ್ದು ಮಿಲ್ಲಿನ ಮೇಸ್ತ್ರಿ ಕಾಕಾನ ಮಗ, ರಾತ್ರಿ ಪಕ್ಕದಲ್ಲಿ ಚಾಪೆ ಹಾಕಿ ಮಲಗಿದ್ದು ಆಯಿ. ಮನೇಲಿ ಈ ವಿಷಯ ಇನ್ನೂ ಗೊತ್ತಿಲ್ಲ, ಅಮ್ಮ ಇದನ್ನ ಓದಿದ್ರೆ ಈಗ ಚೆನ್ನಾಗಿದೀನಿ ಅಮ್ಮ, ಫೋನ್ ಮಾಡಿ ಬೈಬೇಡಿ.

ಮೇಸ್ತ್ರಿ ಕಾಕಾಗೆ ಬೇರೆನೇ ಹೇಳ್ಬೇಕು. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಜಿಐ ಟ್ಯಾಗ್ (ಇದು ಈ ಊರಿನದೇ ವಿಶೇಷ ಅಂತ ಕೊಡೋ ಗುರುತು) ಸಿಕ್ಕಿದ್ದು ನನಗೆ ಪಿಪಿಟಿಲಿ ಒಂದು ಸ್ಲೈಡು. ಕಾಕಾ ಅದನ್ನ ಕೇಳಿ "ಟ್ಯಾಗ್ ಈಗ ಬಂದದ, ರುಚಿ ನಮ್ಮ ಅಜ್ಜನ ಕಾಲದಿಂದ ಅದ" ಅಂತ ಹೇಳಿ ಬೇರೆ ಕಡೆ ಬೇಳೆ, ಇಲ್ಲಿನ ಬೇಳೆ ಎರಡನ್ನೂ ಒಂದೇ ಒಲೆ ಮೇಲೆ ಬೇಯಿಸಿ ತೋರಿಸಿದ್ರು. ನೋಡಿದ್ಮೇಲೆ ವಾದ ಮಾಡೋಕೆ ಏನೂ ಉಳಿಲಿಲ್ಲ, ಇಲ್ಲಿಂದು ಬೇಗ ಕರಗಿ ಇಡೀ ಶೆಡ್ ಘಮ ಅಂತಿತ್ತು. ಎರಿ ಮಣ್ಣಿನ (ಕಪ್ಪು ಮಣ್ಣಿನ) ಗುಣ ಅಂತಾರೆ ಕಾಕಾ.

ಮುಂದಿನ ವರ್ಷ ಇಲ್ಲಿಗೆ ಬರ್ಬೇಕಾ ಅಂತ ಕೇಳ್ತಿರೋ ಜೂನಿಯರ್‌ಗಳಿಗೆ, ಧೈರ್ಯವಾಗಿ ಬನ್ನಿ, ಕಾಟನ್ ಬಟ್ಟೆ ತನ್ನಿ, ಊಟ ಆಯ್ತು ಅಂತ ಸುಳ್ಳು ಹೇಳ್ಬೇಡಿ ನಡೆಯಲ್ಲ. ಆಯಿ ರೂಮ್ ಖಾಲಿ ಆಗ್ತಿದೆ, ಬೇಕಿದ್ರೆ ನನಗೆ ಮೆಸೇಜ್ ಹಾಕಿ.

ಅಕ್ಕಂದಿರು ಇದನ್ನ ಫೋನಲ್ಲಿ ಓದಲ್ಲ. ಕಾಕಾನ ಮಗಳಿಗೆ ಕಳಿಸಿದೀನಿ, ಊಟದ ಟೈಮಲ್ಲಿ ಜೋರಾಗಿ ಓದಿ ಹೇಳ್ತೀನಿ ಅಂದಿದಾಳೆ. ಪುಟ್ಟಿ, ಇಲ್ಲಿವರೆಗೂ ಓದಿದ್ಮೇಲೆ ನಿಮ್ಮಪ್ಪನಿಗೆ ಇದನ್ನೂ ಹೇಳು, ನಮ್ಮಮ್ಮಂಗೆ ಇನ್ನೂ ಹತ್ತು ಕೆಜಿ ಬೇಳೆ ಬೇಕಂತೆ, ನಾಳಿದ್ದು ಟ್ರೇನು, ಅಷ್ಟರೊಳಗೆ ಕಟ್ಟಿಡ್ಲಿ. ದುಡ್ಡು ತಗೊಳಲ್ಲ ಅಂತ ಮಾತ್ರ ಶುರು ಮಾಡ್ಬಾರ್ದು.