ಪುಟ್ಟಿ ಮುನಿಸಿಕೊಂಡ ವಿಷಯ

ಅಳಿಯಾ,

ನಿನ್ನ ಕಾಗದ ಎರಡು ಸಲ ಓದಿದೆ. ತೋಟ, ಸಾಲ, ಅಡಿಕೆ ರೇಟು ಅವೆಲ್ಲ ಇರಲಿ. ಕೊನೆಗೆ ಬರೆದಿದ್ದೀಯಲ್ಲ, ಮೀನು ಗಾಳ ನುಂಗಿತ್ತು, ಕಿತ್ತೆ, ಪುಟ್ಟಿ ನೋಡಿಬಿಟ್ಟಳು, ಎರಡು ದಿನದಿಂದ ನನ್ನ ಕೈತುತ್ತು ತಿನ್ನುತ್ತಿಲ್ಲ, ಅವಳಿಗೆ ನನ್ನ ಕಂಡರೆ ಭಯವಾ ಮಾವ ಅಂತ. ಆ ಸಾಲು ರಾತ್ರಿ ನಿದ್ದೆ ಕೆಡಿಸಿತು.

ನಿಮ್ಮಮ್ಮ ಮೀನು ಯಾಕೆ ಮುಟ್ಟುವುದಿಲ್ಲ ಗೊತ್ತಾ? ವ್ರತ ಅಂದಿರುತ್ತಾಳೆ. ಸುಳ್ಳು. ಕಾರಣ ನಾನು. ಸೂಳೆಕೆರೆ ಏರಿ ಹತ್ರ ಇಬ್ಬರೂ ಕೂತಿದ್ದೆವು, ಅವಳಿಗೆ ಏಳು ವರ್ಷ, ಜೋಳದ ದಂಟು ಸುಲಿದು ಗಾಳದ ದಾರಕ್ಕೆ ಕಟ್ಟುವ ತೇಲೋ ಬೆಂಡು ಮಾಡಿಕೊಟ್ಟಿದ್ದೇ ಅವಳು. ಅಂಗೈ ಅಗಲದ ಜಿಲೇಬಿ ಮೀನು, ತಿಲಾಪಿಯಾ ಅಂತಾರಲ್ಲ ಅದು, ಗಾಳಕ್ಕೆ ಬಿತ್ತು. ದಡಕ್ಕೆ ಎಳೆದ ಕೂಡಲೇ ಅದರ ಬಾಯಿಂದ ಮರಿಗಳು ಉದುರಿದವು, ನುಚ್ಚಕ್ಕಿ ಹಾಗೆ. ಆ ಜಾತಿಯ ತಾಯಿ ಮೊಟ್ಟೆ, ಮರಿ ಎಲ್ಲ ಬಾಯಲ್ಲೇ ಇಟ್ಟು ಕಾಯುತ್ತದೆ, ನನಗೆ ಆಗ ತಿಳಿದಿರಲಿಲ್ಲ. ಅವಳು ಬೊಗಸೆಯಲ್ಲಿ ಮರಿ ಎತ್ತಿ ನೀರಿಗೆ ಬಿಡುತ್ತಾ ಅಳುತ್ತಿದ್ದಳು. ನಾನು ನಕ್ಕೆ. ಊರಿಗೆ ಬಂದು ಎಲ್ಲರಿಗೂ ಹೇಳಿ ಇನ್ನಷ್ಟು ನಕ್ಕೆ.

ಆಮೇಲೆ ಅವಳು ಕೆರೆಗೆ ಬರಲಿಲ್ಲ. ನಾನು ಕರೆಯಲೂ ಇಲ್ಲ. ಪುಟ್ಟಿ ಎದುರು ನೀನು ನಕ್ಕೆಯಾ? ಅದನ್ನು ಬರೆದಿಲ್ಲ ನೀನು.

ಗಾಳದ ಬಗ್ಗೆ ಹೇಳಿದರೆ ಜಾಸ್ತಿ ಆಯಿತೇನೋ, ಆದರೂ ಕೇಳು. ನಾವು ಎತ್ತುವುದು ತಡ ಆದರೆ ಮೀನು ನುಂಗುತ್ತದೆ. ನಿನ್ನ ಬೆಂಡು ದಪ್ಪ ಇದೆಯೇನೋ, ಅದಕ್ಕೇ ಸಣ್ಣ ಮೀನು ಕಚ್ಚಿದ್ದೇ ತಿಳಿಯಲ್ಲ. ಅದರ ಬದಲು ನವಿಲುಗರಿ ಕಡ್ಡಿ ಕಟ್ಟಿ, ತುದಿ ಮಾತ್ರ ಕಾಣುವಷ್ಟು ಸೀಸ ಹಾಕು. ಸುಮ್ನೆ ನಡುಗಿದರೆ ಕಾಯಿ, ಪಕ್ಕಕ್ಕೆ ಜಾರಿದರೆ ಎತ್ತು. ಗಾಳದ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡು, ಸಲೀಸಾಗಿ ಬಿಡಿಸಬಹುದು, ನಾಲ್ಕು ತಪ್ಪಿಸಿಕೊಂಡರೆ ಹೋಗಲಿ. ಬಿಡುವ ಮೀನನ್ನು ಒದ್ದೆ ಕೈಯಲ್ಲಿ ಹಿಡಿ. ನುಂಗಿದ್ದರೆ ಮಾತ್ರ ಕೀಳಬೇಡ, ಬಾಯಿ ಹತ್ರ ದಾರ ಕತ್ತರಿಸು. ಇದನ್ನು ಪುಟ್ಟಿಗೂ ತೋರಿಸಬಹುದು, ಅವಳು ಬಂದರೆ.

ಜಿಲೇಬಿ ನಮ್ಮ ಕೆರೆಯದಲ್ಲ, 1952ರಲ್ಲಿ ದೇಶಕ್ಕೆ ತಂದ ಮೀನು, ಹಿಡಿದರೆ ಕೆರೆಗೆ ಒಳ್ಳೆಯದೇ ಅನ್ನುವವರಿದ್ದಾರೆ. ಮಗುವಿಗೆ ಆ ಲೆಕ್ಕ ಹೇಳಲು ಹೋಗಬೇಡ. ಭಯ ಆಯಿತಾ ಅಂತ ಕೇಳು. ಏನಂದರೂ ಸುಮ್ಮನಿದ್ದು ಕೇಳಿಸಿಕೋ, ಮಧ್ಯೆ ಬಾಯಿ ಹಾಕಬೇಡ. ನಾನು ಆವತ್ತು ನಿಮ್ಮಮ್ಮನನ್ನು ಅಷ್ಟೂ ಕೇಳಲಿಲ್ಲ.

ನಿಮ್ಮಮ್ಮನಿಗೆ ಈ ಕಾಗದ ತೋರಿಸಬೇಡ. ಐವತ್ತು ವರ್ಷದಿಂದ ಬಾಕಿ ಇರುವ ಮಾತು, ಹಬ್ಬಕ್ಕೆ ಬಂದಾಗ ನಾನೇ ಆಡುತ್ತೇನೆ. ಪುಟ್ಟಿ ಊಟ ಮಾಡಿದಳಾ, ಬರೆ.

ನಿನ್ನ ಮಾವ